ಟಾಯ್ಲೆಟ್ಟೋ, ವಾಶ್‌ರೂಮೋ?

ಇಂಗ್ಲಿಷಿನವರಿಗೆ ನಾಚಿಕೆ ಸ್ವಲ್ಪ ಜಾಸ್ತಿ ಅಂತ ಕಾಣುತ್ತದೆ. ದಿನಾ ಹೋಗಲೇಬೇಕಾದ ಒಂದು ಜಾಗಕ್ಕೆ ಅವರ ಭಾಷೆಯಲ್ಲಿ ಎಷ್ಟು ಹೆಸರು ನೋಡಿ: ಟಾಯ್ಲೆಟ್, ಲ್ಯಾವೆಟರಿ, ಲೂ, ಡಬ್ಲ್ಯು.ಸಿ., ಬಾತ್‌ರೂಮ್, ರೆಸ್ಟ್‌ರೂಮ್, ವಾಶ್‌ರೂಮ್. ಇಷ್ಟರಲ್ಲಿ ಒಂದಾದರೂ ಅಲ್ಲಿ ನಡೆಯುವ ಕೆಲಸದ ಹೆಸರು ಹೇಳುತ್ತದಾ? ಊಹುಂ. ಒಂದರಲ್ಲಿ ಸ್ನಾನ, ಒಂದರಲ್ಲಿ ವಿಶ್ರಾಂತಿ, ಇನ್ನೊಂದರಲ್ಲಿ ಕೈ ತೊಳೆಯುವುದು!

ಟಾಯ್ಲೆಟ್ಟನ್ನೇ ತಗೊಳ್ಳಿ. ಮೂಲ ಫ್ರೆಂಚ್, ತುಂಡು ಬಟ್ಟೆ ಅಂತ ಅರ್ಥ. ಅಲಂಕಾರದ ಮೇಜಿನ ಮೇಲೆ ಹಾಸುವ ಬಟ್ಟೆಯಿಂದ ಅಲಂಕಾರಕ್ಕೆ, ಅಲ್ಲಿಂದ ಅಲಂಕಾರದ ಕೋಣೆಗೆ, ಕೊನೆಗೆ ಈ ಕೋಣೆಗೆ ಬಂದು ನಿಂತಿತು. ಹಳೇ ಅರ್ಥ ಪೂರ್ತಿ ಸತ್ತಿಲ್ಲ. ಸ್ನಾನದ ಸಾಬೂನಿನ ಹೊದಿಕೆ ತಿರುಗಿಸಿ ನೋಡಿ, 'ಟಾಯ್ಲೆಟ್ ಸೋಪ್' ಅಂತ ಇರುತ್ತದೆ. ಇನ್ನು ಲ್ಯಾವೆಟರಿ, ಲ್ಯಾಟ್ರಿನ್ ಎರಡೂ ಲ್ಯಾಟಿನ್ನಿನ 'ತೊಳೆ' ಎಂಬ ಒಂದೇ ಬೇರಿನವು. ಇವತ್ತಿನ ವಾಶ್‌ರೂಮಿನ ಅರ್ಥವೂ ಅದೇ ಅಲ್ಲವೇ? ಪದ ವಾಸನೆ ಹೊಡೆಯತೊಡಗಿದ ಕೂಡಲೇ ಅದನ್ನು ಬಿಟ್ಟು ಹೊಸದಾಗಿ ತೊಳೆದಿಟ್ಟ ಪದವೊಂದನ್ನು ತರುತ್ತಾರೆ, ಅಷ್ಟೇ.

ನಾವೇನೂ ಕಮ್ಮಿಯಿಲ್ಲ ಬಿಡಿ. ಶೌಚ ಅಂದರೆ ಶುದ್ಧಿ. ಪಾಯಿಖಾನೆ ಪಾರಸಿಯಲ್ಲಿ 'ಕಾಲಿನ ಮನೆ'. ಶಾಲೆಯಲ್ಲಂತೂ ಪದವೇ ಬೇಡ, ಒಂದಕ್ಕೆ ಒಂದು ಬೆರಳು, ಎರಡಕ್ಕೆ ಎರಡು ಬೆರಳು.

ದೇಶದಿಂದ ದೇಶಕ್ಕೆ ಹೋದರೆ ಮತ್ತೂ ಫಜೀತಿ. ಬ್ರಿಟನ್ನಿನಲ್ಲಿ ಟಾಯ್ಲೆಟ್ ಅಂದರೆ ಆ ಕೋಣೆ. ಅಮೆರಿಕದಲ್ಲಿ ಹೆಚ್ಚಾಗಿ ಕೂರುವ ಆ ಪೀಠವೇ. ಹಾಗಾಗಿ ಅಲ್ಲಿ ಮನೆಯಲ್ಲಾದರೆ ಬಾತ್‌ರೂಮ್, ಹೋಟೆಲಿನಲ್ಲಾದರೆ ರೆಸ್ಟ್‌ರೂಮ್ ಅಂತ ಕೇಳಬೇಕು. ಪಕ್ಕದ ಕೆನಡಾದಲ್ಲಿ ವಾಶ್‌ರೂಮ್. ವಿಮಾನ ಹತ್ತಿದರೆ ಲ್ಯಾವೆಟರಿ. ಇಂಗ್ಲೆಂಡಿನಲ್ಲಿ ಇದರಲ್ಲೂ ಮೇಲು ಕೀಳು ಇತ್ತು. 1954ರಲ್ಲಿ ಅಲನ್ ರಾಸ್ ಎಂಬ ಭಾಷಾತಜ್ಞರು ಮೇಲ್ವರ್ಗದವರ ಮಾತು, ಉಳಿದವರ ಮಾತು ಅಂತ ವಿಂಗಡಿಸಿ ಬರೆದರು. 'ಲ್ಯಾವೆಟರಿ ಪೇಪರ್' ಅಂದವರು ಕುಲೀನರು, 'ಟಾಯ್ಲೆಟ್ ಪೇಪರ್' ಅಂದವರು ಉಳಿದವರು! ಕಾಗದ ಮಾತ್ರ ಒಂದೇ.

ಮುಂಬಯಿಗೆ ಬಂದ ಹೊಸತರಲ್ಲಿ ನನಗೆ ಸಿಕ್ಕಿದ್ದು ಚಾಳಿನ ಒಂದು ಖೋಲಿ. ಸಂಡಾಸು ಮಹಡಿಯ ಕೊನೆಯಲ್ಲಿ, ಎಲ್ಲರಿಗೂ ಸೇರಿ. ಸ್ನಾನಕ್ಕೆ ಖೋಲಿಯ ಮೂಲೆಯಲ್ಲಿ ಸಣ್ಣ ಕಟ್ಟೆ ಕಟ್ಟಿದ ಜಾಗ, ಅದಕ್ಕೆ ಮರಾಠಿಯಲ್ಲಿ ಮೋರಿ. ಊರಿಗೆ ಹೋಗಿ ಇದನ್ನು ಹೇಳಿದರೆ ಅಮ್ಮನಿಗೆ ಗಾಬರಿ: "ಅಯ್ಯೋ, ಮೋರಿಯಲ್ಲಿ ಮೀಯುದಾ ನೀನು?" ನಮ್ಮಲ್ಲಿ ಮೋರಿ ಅಂದರೆ ಚರಂಡಿ ತಾನೆ.

ಇದೆಲ್ಲ ನಗುವ ಮಾತಾಯ್ತು. ನಗು ಬರದ ಒಂದು ಸಂಗತಿಯೂ ಇದೆ.

ಮಹಾರಾಷ್ಟ್ರದ ಒಳನಾಡಿನ ಒಂದು ಸಣ್ಣ ಶಾಖೆಯಲ್ಲಿ ನಾನು ಮೂರು ವರ್ಷ ಇದ್ದೆ. ಹಿತ್ತಲಲ್ಲಿ ಇದ್ದದ್ದು ಒಂದೇ ಒಂದು, ಅದರ ಬಾಗಿಲಿಗೆ ಚಿಲಕ ಇಲ್ಲ. ಕ್ಯಾಶಿನಲ್ಲಿದ್ದ ಮೇಡಂ ಮನೆಯಲ್ಲಿ ಕುಡಿದ ಚಹಾ ಬಿಟ್ಟರೆ ಸಂಜೆವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಮೂತ್ರದ ಸೋಂಕಾಗಿ ಎರಡು ಸಲ ಮೆಡಿಕಲ್ ಲೀವ್ ಹಾಕಿದರು. ಮ್ಯಾನೇಜರು ಒಳ್ಳೆಯವರು, ಆದರೆ ಸಂಕೋಚದ ಮನುಷ್ಯ. ಮೇಲಿನ ಆಫೀಸಿಗೆ 'ಲೇಡೀಸ್ ವಾಶ್‌ರೂಮ್ ಫೆಸಿಲಿಟಿ' ಬೇಕು ಅಂತ ಬರೆದರು. ಮೂರು ತಿಂಗಳಿಗೆ ಮಂಜೂರಾಗಿ ಬಂದದ್ದು ಏನು ಗೊತ್ತೇ? ಒಂದು ವಾಶ್‌ಬೇಸಿನ್ನು, ಮೇಲೊಂದು ಕನ್ನಡಿ!

ಆಮೇಲೆ ಮೇಡಂ ತಾವೇ ಮರಾಠಿಯಲ್ಲಿ ಅರ್ಧ ಪುಟ ಬರೆದರು. ಎಂಟು ಗಂಟೆ ಮೂತ್ರ ಕಟ್ಟಿಕೊಂಡು ಕೂತು ನೋಟು ಎಣಿಸಲಿಕ್ಕೆ ನನ್ನಿಂದ ಆಗುವುದಿಲ್ಲ, ಹೆಂಗಸರಿಗೆ ಬೇರೆ ಪಾಯಿಖಾನೆ ಕಟ್ಟಿಸಿ, ಒಳಗಿನಿಂದ ಚಿಲಕ ಇರಲಿ, ನಲ್ಲಿಯಲ್ಲಿ ನೀರಿರಲಿ ಅಂತ. ಆ ಕಾಗದ ಓದಿದ ಮೇಲೆ ತಪ್ಪು ತಿಳಿಯಲು ಯಾರಿಗೂ ದಾರಿ ಇರಲಿಲ್ಲ. ಹದಿನೈದು ದಿನದಲ್ಲಿ ಗಾರೆಯವನು ಬಂದ.

2011ರಲ್ಲಿ ಮುಂಬಯಿಯ ಹೆಂಗಸರು ಒಂದು ಚಳವಳಿ ಶುರು ಮಾಡಿದಾಗ ನನಗೆ ಈ ಮೇಡಂ ನೆನಪಾದರು. ಸಾರ್ವಜನಿಕ ಶೌಚಾಲಯಗಳಲ್ಲಿ ಒಂದಕ್ಕೆ ಹೋಗಲು ಗಂಡಸರಿಗೆ ದುಡ್ಡಿಲ್ಲ, ಹೆಂಗಸರಿಗೆ ಮಾತ್ರ ಯಾಕೆ ಎಂಬುದು ಅವರ ಪ್ರಶ್ನೆ. ಆ ಚಳವಳಿಗೆ ಬಂದ ಹೆಸರು 'ರೈಟ್ ಟು ಪೀ'. ಉಚ್ಚೆ ಹೊಯ್ಯುವ ಹಕ್ಕು! ವಾಶೂ ಇಲ್ಲ, ರೆಸ್ಟೂ ಇಲ್ಲ. ಕೇಳಿದ ಕೆಲವರು ಮುಖ ಸಿಂಡರಿಸಿದರು. ಆದರೆ ಏನು ಬೇಕು ಅನ್ನುವುದು ಎಲ್ಲರಿಗೂ ಅರ್ಥವಾಯಿತು.

ಈಗ ನಮ್ಮ ಆಫೀಸಿನ ಹುಡುಗ ಹುಡುಗಿಯರೆಲ್ಲ ವಾಶ್‌ರೂಮ್ ಅನ್ನುತ್ತಾರೆ. ಅನ್ನಲಿ, ಚಂದದ ಪದವೇ. ನಾನು ಮಾತ್ರ ಹೊಸ ಶಾಖೆಗೆ ಇನ್‌ಸ್ಪೆಕ್ಷನ್ನಿಗೆ ಹೋದರೆ ಬೋರ್ಡು ಓದಿ ಸುಮ್ಮನಾಗುವುದಿಲ್ಲ, ಅಲ್ಲಿಯ ಹೆಣ್ಣುಮಕ್ಕಳ ಹತ್ತಿರ ಚಿಲಕ ಇದೆಯಾ, ನೀರು ಬರುತ್ತದಾ ಅಂತ ಕೇಳುತ್ತೇನೆ.