ಖಾಲಾನ ಹಲ್ಲು, ಒಂದು ಅರ್ಜಿ

ಕುಬಿಹಾಳದ ನಮ್ಮ ಖಾಲಾಗೆ ಎಡದವಡೆಯಲ್ಲಿ ಒಂದೂ ಹಲ್ಲಿಲ್ಲ. ಕುಂದಗೋಳ ತಾಲೂಕಿನ ಎರೆಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಿ ಮಕ್ಕಳನ್ನು ಸಾಕಿದವಳು. ಹಲ್ಲು ನೋವೆದ್ದರೆ ಲವಂಗ, ತಡೆಯಲಾಗದಿದ್ದರೆ ತಪಕೀರು. ತಪಕೀರು ನೋವು ಮರೆಸುತ್ತಿತ್ತು, ವಸಡನ್ನು ತಿನ್ನುತ್ತಿತ್ತು.

ಎರಡು ವರ್ಷದ ಹಿಂದೆ ಊರಲ್ಲಿ ದಂತ ತಪಾಸಣೆ ನಡೆದಾಗ ಅವಳನ್ನು ಕರೆದೊಯ್ದಿದ್ದೆ. ಡಾಕ್ಟರರ ಮಗ್ಗುಲಲ್ಲಿ ಒಬ್ಬ ಹುಡುಗಿ, ಡೆಂಟಲ್ ಹೈಜಿನಿಸ್ಟ್. ಹಲ್ಲು ಕೀಳುವವಳಲ್ಲ, ಪಾಚಿ ತೆಗೆದು, ಹಲ್ಲು ಉಳಿಸಿಕೊಳ್ಳುವ ಬಗೆ ಹೇಳಿಕೊಡುವವಳು. 1948ರ ದಂತವೈದ್ಯರ ಕಾಯಿದೆಯಲ್ಲೇ ಈ ಕಸುಬಿನ ಹೆಸರಿತ್ತು. ನಮ್ಮ ಹಳ್ಳಿಗಳಿಗೆ ಮಾತ್ರ ಇನ್ನೂ ಪರಿಚಯವಿಲ್ಲ.

"ಮೊದಲ ಯಾಕ ಬರಲಿಲ್ಲ ಅಮ್ಮಾ?" ಎಂದಳು.

"ಹುಬ್ಬಳ್ಳಿ ಬಸ್ಸು ಈಗ ನಮಗ ಪುಕ್ಕಟ ಐತಿ ಖರೆ. ಆ ದಿನದ ಕೂಲಿ ಯಾರ ಕೊಡ್ತಾರವಾ?"

ಹುಡುಗಿ ಕೈ ನಿಲ್ಲಿಸಿದಳು. ಅವಳ ಕಾರ್ಡಿನಲ್ಲಿ ಹುಳುಕು ಹಲ್ಲಿಗೆ, ಬಿದ್ದ ಹಲ್ಲಿಗೆ ಜಾಗವಿತ್ತು. ಕೂಲಿಗೆ ಇರಲಿಲ್ಲ. ಅಂಚಿನಲ್ಲೇ ಬರೆದುಕೊಂಡಳು. "ಅದೆಲ್ಲ ನಮ್ಮ ಕೆಲಸ ಅಲ್ಲ" ಎಂದರು ಡಾಕ್ಟರು. ಅವರನ್ನೂ ದೂರಲಾರೆ, ಹೊರಗೆ ಸಾಲು ಬೆಳೆದಿತ್ತು.

ಚಹಾದ ಹೊತ್ತಿಗೆ ಅವಳು ನನ್ನೊಡನೆ ಹೇಳಿದ್ದು: "ಬ್ರಷ್ ಹಿಡಿಯೋದು ಹೆಂಗ ಅಂತ ಹೇಳಾಕ ಕಲಿಸಿದ್ರು ಸರ್. ಪಂಚಾಯ್ತಿ ಮುಂದ ನಿಂತು ಕೇಳೋದು ಕಲಿಸಲಿಲ್ಲ."

ವಿಚಿತ್ರವೆಂದರೆ ಈ ಕಸುಬು ಹುಟ್ಟಿದ್ದೇ ಬಾಗಿಲಾಚೆಯ ಜನರಿಗಾಗಿ. 1913ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ ಹೆಂಗಸರಿಗೆ ತರಬೇತಿ ಕೊಟ್ಟು, ಸರಕಾರಿ ಶಾಲೆಯ ಮಕ್ಕಳ ಬಳಿಗೆ ಕಳಿಸಿದ. ಎಷ್ಟೋ ಕಡೆ ಈಗ ಅದೇ ಕಸುಬು ಕ್ಲಿನಿಕ್ಕಿನ ಕುರ್ಚಿಯ ಪಕ್ಕದಲ್ಲಿ ನಿಂತುಬಿಟ್ಟಿದೆ. ಗ್ರಾಮಸಭೆಯಲ್ಲಿ ಒಂದು ದಿನ ಕೂರಿಸಿದರೆ, ಆಶಾ ಕಾರ್ಯಕರ್ತೆಯ ಜೊತೆ ನಾಲ್ಕು ಓಣಿ ತಿರುಗಿಸಿದರೆ, ಅರ್ಜಿ ಬರೆಯಲು ಕಲಿಸಿದರೆ ಪಠ್ಯವೇನೂ ಭಾರವಾಗದು. ಬಾಯಿಯ ಒಳಗನ್ನು ನೋಡಬಲ್ಲವರು ಆ ಬಾಯಿ ಯಾಕೆ ಕೆಟ್ಟಿತೆಂಬುದನ್ನೂ ಹೇಳಲಿ ಎಂದಷ್ಟೇ ನನ್ನ ಆಸೆ.

ನಮ್ಮ ರಾಜ್ಯದಲ್ಲಿ 2014ರಲ್ಲಿ ದಂತಭಾಗ್ಯ ಯೋಜನೆ ಬಂತು, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡಲು. ಅದು ಖಾಲಾನ ಕಿವಿಗೆ ಬಿದ್ದದ್ದು ಈ ಹುಡುಗಿಯಿಂದ! ಪೇಪರು ಓದುವ ನಾನೂ ಅವಳಿಗೆ ಹೇಳಿರಲಿಲ್ಲ.

ಆ ರಾತ್ರಿ ಖಾಲಾ ನನ್ನನ್ನು ಚಿಮಣಿ ದೀಪದ ಕಾಲದಂತೆ ಪಕ್ಕದಲ್ಲಿ ಕೂಡಿಸಿಕೊಂಡಳು. "ಬೇಟಾ, ಕಹಾನಿ ಬರೀತಿಯಲ್ಲಾ, ಇದನ್ನೂ ಬರಿ." ಮುಂದಿನ ತಪಾಸಣೆ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ, ಹೊಲದಿಂದ ಬಂದ ಸಂಜೆ ಹೊತ್ತಿಗೆ ಆಗಲಿ ಎಂದು ಬರೆದೆ. ಹೆಬ್ಬೆಟ್ಟು ಒತ್ತಿ, ಆ ಹುಡುಗಿಯನ್ನೂ ಕಳಿಸಿರಿ ಅಂತ ಸೇರಿಸು ಎಂದಳು. ಅಂಚಿನಲ್ಲಿ ಜಾಗವಿತ್ತು, ಸೇರಿಸಿದೆ.