ಪಕ್ಕದ ಮನೆಯ ಕಂದಾಯ

2018ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯವರು ಅಗ್ನಿಶಾಮಕ ದಳದಲ್ಲಿದ್ದವರು; ಬೆಂಕಿ ನಂದಿಸುವಾಗ ಛಾವಣಿ ಕುಸಿದು, ನಡೆಯಲಾರದಂತಾಗಿದ್ದರು. ತಮ್ಮ ಮನೆಗೆ ಕಂದಾಯವಿಲ್ಲವೆಂದು ಅವರು ಹೇಳಿದಾಗ, "ಸರ್ಕಾರದ್ದು ದೊಡ್ಡ ಮನಸ್ಸು" ಎಂದೆ. "ಅಲ್ಲ, ಈ ಬೀದಿಯವರದು" ಎಂದು ತಿದ್ದಿದರು.

ಅವರ ಮಾತು ದಿಟ. ಅಲ್ಲಿ ಮನೆಗಳ ಕಂದಾಯವು ಸ್ಥಳೀಯ ಶಾಲೆಗೂ ಅಗ್ನಿಶಾಮಕ ಠಾಣೆಗೂ ಸಲ್ಲುತ್ತದೆ; ಒಬ್ಬರಿಗೆ ಬಿಟ್ಟುಕೊಟ್ಟರೆ ಆ ಹೊರೆ ನೆರೆಯವರದಾಗುತ್ತದೆ. ಆದರೂ 2016ರ ಆಗಸ್ಟಿನಲ್ಲಿ ರಾಜ್ಯ ಸಂವಿಧಾನದ ತಿದ್ದುಪಡಿಯೊಂದು ಜನರ ಮತಕ್ಕೆ ಬಂದಾಗ, ಶೇಕಡಾ 60 ಮತ ಸಾಕಾಗಿದ್ದಲ್ಲಿ 80ಕ್ಕೂ ಹೆಚ್ಚು ಬಂದವು. ಕರ್ತವ್ಯದಲ್ಲಿ ಗಾಯಗೊಂಡು ಸಂಪೂರ್ಣವಾಗಿ, ಶಾಶ್ವತವಾಗಿ ಅಶಕ್ತರಾದ ಪೊಲೀಸರು, ಅಗ್ನಿಶಾಮಕ ದಳದವರು, ಸೆರೆಮನೆಯ ಕಾವಲಿನವರು, ಆಂಬುಲೆನ್ಸಿನ ಸಿಬ್ಬಂದಿ ವಾಸಿಸುವ ಸ್ವಂತ ಮನೆಗೆ 2017ರಿಂದ ಈ ವಿನಾಯಿತಿ ದೊರೆಯಿತು.

"ಅದೇ ಬೆಂಕಿಯಲ್ಲಿ ಗಾಯಗೊಂಡ ನನ್ನ ಗೆಳೆಯ ಬಾಡಿಗೆ ಮನೆಯಲ್ಲಿದ್ದಾನೆ. ಅವನಿಗೆ ಇದಿಲ್ಲ" ಎಂದು ಅವರು ತಲೆ ತಗ್ಗಿಸಿದರು.

ಪೌರನೀತಿಯ ತರಗತಿಯಲ್ಲಿ ತೆರಿಗೆಯೆಂದರೆ ಸರ್ಕಾರಕ್ಕೆ ಸಲ್ಲಿಸುವ ಹಣವೆಂದು ನಿಮಗೆ ಬರೆಯಿಸಿದ್ದೆ. ನೆರೆಯವರು ಒಬ್ಬರಿಗೊಬ್ಬರು ತೀರಿಸುವ ಋಣವೂ ಹೌದೆಂದು ಈಗ ಸೇರಿಸಿಕೊಳ್ಳಿ. ಸ್ವಂತ ಸೂರಿಲ್ಲದವನ ಋಣ ಮಾತ್ರ ಇನ್ನೂ ಬಾಕಿ.