ಸೋಪಿನ ಮೇಲಿನ ಹೆಸರು



ಪತ್ರ ತಲುಪಿತು. ಅಂತೂ ಲೈಸೆನ್ಸ್ ಕೈಗೆ ಬಂತಲ್ಲ, ಸಂತೋಷ. ಸಕಲೇಶಪುರದ ಹಿರಿಯ ಪ್ಲಾಂಟರ್ ಒಬ್ಬರು ತಮ್ಮ ವೆಬ್ಲಿ ಅಂಡ್ ಸ್ಕಾಟ್ .32 ಪಿಸ್ತೂಲು ಮಾರುತ್ತಿದ್ದಾರೆ, ‘ನಿನ್ನೆ ಅಂಗಡಿಯಿಂದ ತಂದ ಹಾಗಿದೆ’ ಎಂದು ಬರೆದಿದ್ದೀರಿ. ನನಗೆ ಅನುಮಾನ ಬಂದದ್ದೇ ಆ ಮಾತಿಗೆ.

ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಜೇಬುಪಿಸ್ತೂಲು ಅದು. 1911ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರೂ ಅದನ್ನೇ ಆರಿಸಿಕೊಂಡಿದ್ದರು. ಅಷ್ಟು ವಯಸ್ಸಾದ ಕಬ್ಬಿಣದ ಕಪ್ಪುನೀಲಿ ಬಣ್ಣ ಅಂಚುಗಳಲ್ಲಾದರೂ ಸವೆದಿರಬೇಕು. ಥಳಥಳ ಹೊಳೆಯುತ್ತಿದ್ದರೆ, ಯಾರೋ ತುಕ್ಕು ಉಜ್ಜಿ ಹೊಸ ಬಣ್ಣ ಹಾಕಿಸಿರುವ ಸಂಭವವೇ ಹೆಚ್ಚು. ಪಕ್ಕದಲ್ಲಿರುವ ಕಂಪನಿಯ ಹೆಸರಿನ ಮೇಲೆ ಉಗುರು ಆಡಿಸಿ. ಅಕ್ಷರದ ಅಂಚು ಚುರುಕಾಗಿ ತಾಗಬೇಕು. ಪಾಲಿಶ್ ಚಕ್ರಕ್ಕೆ ಹಿಡಿದಿದ್ದರೆ ಆ ಹೆಸರು ನಾಲ್ಕು ದಿನ ಮಿಂದ ಸೋಪಿನ ಮೇಲಿನ ಹೆಸರಿನಂತೆ ಕರಗಿರುತ್ತದೆ. ನಾನೊಮ್ಮೆ ಹೊಳಪಿಗೆ ಮರುಳಾಗಿ ದುಡ್ಡು ಕಳೆದುಕೊಂಡವನು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಆದರೆ ಕೈಗೆ ತೆಗೆದುಕೊಂಡ ತಕ್ಷಣದ ಕೆಲಸ ಬೇರೆ. ಮ್ಯಾಗಜೀನ್ ಹೊರಗೆಳೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಸ್ಲೈಡ್ ಹಿಂದಕ್ಕೆ ಎಳೆದು ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ನೋಡಿ. ಮಾರುವವರು ಎಷ್ಟೇ ಹಿರಿಯರಾಗಿರಲಿ, ಸಂಕೋಚ ಬೇಡ.

ಆಮೇಲೆ ನಳಿಗೆ. ಹಳೆಯ ಕಾಲದ ತೋಟಾಗಳ ಕೇಪಿನ ಮದ್ದು ಒಳಗೆ ಉಪ್ಪಿನಂಶ ಬಿಡುತ್ತಿತ್ತು. ಅದಕ್ಕೆ ಮಲೆನಾಡಿನ ಮಳೆಗಾಲವೂ ಸೇರಿದರೆ ಕೇಳಬೇಕೇ! ಹಿಂದೆ ಬಿಳಿ ಕಾಗದ ಹಿಡಿದು ಬೆಳಕಿಗೆ ನೋಡಿ. ಸುರುಳಿಗೆರೆಗಳು ಸ್ಪಷ್ಟವಾಗಿ ಕಂಡರೆ ಸರಿ, ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಬೆಲೆ ಇಳಿಯಲೇಬೇಕು.

ಈ ವೆಬ್ಲಿಯದು ಇನ್ನೊಂದು ಗುಟ್ಟಿದೆ. ಸ್ಲೈಡನ್ನು ಮುಂದಕ್ಕೆ ತಳ್ಳುವ ‘ವಿ’ ಆಕಾರದ ಸ್ಪ್ರಿಂಗು ಬಲಗಡೆ ಹಿಡಿಯ ಹಲಗೆಯ ಕೆಳಗೆ ಕೂತಿರುತ್ತದೆ. ಆ ಹಲಗೆ ವಲ್ಕನೈಟ್ ಎಂಬ ಗಟ್ಟಿ ರಬ್ಬರಿನದು. ಹಳತಾದಂತೆ ಹಪ್ಪಳದ ಹಾಗೆ ಮುರಿಯುತ್ತದೆ. ಸ್ಕ್ರೂ ಸುತ್ತ ಬಿರುಕಿದೆಯೇ ನೋಡಿ, ನೀವಾಗಿ ಬಿಚ್ಚಲು ಹೋಗಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಒಂದು ಗುಂಡನ್ನೂ ಹಾರಿಸಬೇಡಿ.

ಬಣ್ಣ ಹೊಸದಾಗಿದ್ದು ನಳಿಗೆ ಚೆನ್ನಾಗಿದ್ದರೆ ಕೊಳ್ಳಿ, ಅಡ್ಡಿಯಿಲ್ಲ. ಅಸಲಿ ಬಣ್ಣದ ಬೆಲೆ ಮಾತ್ರ ಕೊಡಬೇಡಿ. ಪಿಸ್ತೂಲಿನ ಮೇಲಿನ ನಂಬರು ಅವರ ಲೈಸೆನ್ಸಿನಲ್ಲಿರುವ ನಂಬರಿಗೆ ಅಂಕಿ ಅಂಕಿಯೂ ತಾಳೆಯಾಗಬೇಕು. ಮಾರುವ ವಿಷಯವನ್ನು ಅವರು ನಿಮ್ಮ ಹೆಸರು, ವಿಳಾಸದ ಸಮೇತ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆಯಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಅಲ್ಲಿಯವರೆಗೆ ಪಿಸ್ತೂಲು ಅವರ ಬೀರುವಿನಲ್ಲೇ ಇರಲಿ, ದುಡ್ಡು ನಿಮ್ಮ ಬ್ಯಾಂಕಿನಲ್ಲಿ.

ಇಂತಿ ನಿಮ್ಮವ